ಆಫೀಸ್ ಲ್ಯಾಪ್‌ಟಾಪ್ ಹೋದಲ್ಲೆಲ್ಲ ತನ್ನ ಹೆಸರು ಬರೆಸಿಕೊಂಡು ಬರುತ್ತಿದೆ. ಇದು ವೈರಸ್ಸಾ?

ಅಡಕೆತೋಟ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ ನನಗೆ ಕೆಲಸ. ನಮ್ಮ ಲೆಕ್ಕಪತ್ರದ ಸಾಫ್ಟ್‌ವೇರ್ ತಗೊಂಡವರ ಆಫೀಸಿಗೆ ಹೋಗಿ, ಅದನ್ನು ಹಾಕಿಕೊಟ್ಟು, ಅಲ್ಲಿನ ಗುಮಾಸ್ತರಿಗೆ ಕಲಿಸಿ ಬರುತ್ತೇನೆ. ಉಳಿದ ದಿನಗಳಲ್ಲಿ ಶಿರಸಿ ಹತ್ತಿರದ ಮನೆಯಿಂದಲೇ ಕೆಲಸ. ಲ್ಯಾಪ್‌ಟಾಪ್ ಕಂಪನಿಯದು. ವಿಂಡೋಸ್ 11, ಕಂಪನಿಯ ಡೊಮೇನ್‌ಗೆ (ಎಲ್ಲ ಮಷೀನುಗಳನ್ನು ಒಂದೇ ಕಡೆಯಿಂದ ನೋಡಿಕೊಳ್ಳುವ ವ್ಯವಸ್ಥೆ) ಸೇರಿಸಿದ್ದಾರೆ, ಅಡ್ಮಿನ್ ಹಕ್ಕು ನನಗಿಲ್ಲ. ಮನೆಯಲ್ಲಿ ಫೈಬರ್ ಇದೆ, ವಿಪಿಎನ್ ಹಾಕಿಕೊಂಡು ಆಫೀಸಿನ ಸರ್ವರ್ ನೋಡುತ್ತೇನೆ.

ಈಗ ತೊಂದರೆ ಏನೆಂದರೆ, ಈ ಲ್ಯಾಪ್‌ಟಾಪ್ ನನಗೆ ಹೇಳದೆ ಕೇಳದೆ ಎಲ್ಲ ಕಡೆ ತನ್ನನ್ನು ನೋಂದಾಯಿಸಿಕೊಳ್ಳುತ್ತಿದೆ.

ಮೊದಲು ಗೊತ್ತಾಗಿದ್ದು ನಮ್ಮ ಹೆಲ್ಪ್‌ಡೆಸ್ಕ್‌ನಿಂದ. ಒಂದು ಅಪ್‌ಡೇಟ್ ಹಾಕಲು ರಿಮೋಟ್‌ನಲ್ಲಿ ಬರಬೇಕಿತ್ತು. ಒಮ್ಮೆ ಹತ್ತುತ್ತದೆ, ಇನ್ನೊಮ್ಮೆ ಇಲ್ಲ. ಹತ್ತದಿದ್ದಾಗಲೂ ಪಿಂಗ್‌ಗೆ (ಮಷೀನ್ ಇದೆಯಾ ಎಂದು ಕೇಳುವ ಸಂದೇಶಕ್ಕೆ) ಉತ್ತರ ಬರುತ್ತದಂತೆ! "ನಿಮ್ಮ ಮಷೀನ್ ಆನ್ ಇದೆ ಮೇಡಂ, ನೀವೇ ಏನೋ ಬ್ಲಾಕ್ ಮಾಡಿದ್ದೀರಿ" ಎಂದರು. ಯಾವ ವಿಳಾಸ ಕಾಣುತ್ತಿದೆ ಎಂದು ಕೇಳಿದೆ. 192.168.1.34 ಎಂದರು. ಅದು ನಮ್ಮ ಮನೆ ವೈಫೈ ಕೊಟ್ಟ ವಿಳಾಸ. ಬೆಂಗಳೂರಿನಲ್ಲಿ ಕೂತವರಿಗೆ ಅದು ಹೇಗೆ ಸಿಕ್ಕಿತು?

ಆಮೇಲೆ ಬೆಳಗಾವಿ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯಿಂದ ಮೇಲ್ ಬಂತು. ಅಲ್ಲಿ ಕೆಲಸ ಮುಗಿಸಿ ನಾನು ವಾಪಸ್ ಬಂದಾಗಿತ್ತು. ಅಲ್ಲಿನ ನೆಟ್‌ವರ್ಕ್ ನೋಡುವವರು, ನನ್ನ ಲ್ಯಾಪ್‌ಟಾಪಿನ ಹೆಸರು (ಬಿಎಲ್ಆರ್-ಇಂಪ್ಲ್-047) ಅವರ ಡಿಎನ್ಎಸ್ ಪಟ್ಟಿಯಲ್ಲಿ (ಯಾವ ಹೆಸರಿಗೆ ಯಾವ ವಿಳಾಸ ಎಂಬ ಪಟ್ಟಿ) ಕೂತಿದೆ, ಯಾರನ್ನು ಕೇಳಿ ನೋಂದಾಯಿಸಿದಿರಿ ಎಂದು ಬರೆದಿದ್ದರು. ಪ್ರತಿಯನ್ನು ನಮ್ಮ ಮ್ಯಾನೇಜರ್‌ಗೂ ಕಳಿಸಿದ್ದಾರೆ. ನಾನು ಅಲ್ಲಿ ಕೇಬಲ್ ಚುಚ್ಚಿದ್ದು ಬಿಟ್ಟು ಬೇರೇನೂ ಮಾಡಿಲ್ಲ.

ಮೂರನೆಯದು ನನ್ನ ನಿದ್ದೆ ಕೆಡಿಸಿದೆ. ಇಷ್ಟೆಲ್ಲ ಆದಮೇಲೆ ಮನೆ ರೂಟರಿನ ಲಾಗ್ ತೆಗೆದು ನೋಡಿದೆ. ಲ್ಯಾಪ್‌ಟಾಪ್ ತೆರೆದ ಕೂಡಲೇ 192.175.48.1 ಎಂಬ ವಿಳಾಸಕ್ಕೆ ಏನೋ ಹೋಗುತ್ತದೆ. ಅದರ ಹೆಸರು ಹುಡುಕಿದರೆ "ಪ್ರಿಸನರ್ ಡಾಟ್ ಐಯಾನಾ ಡಾಟ್ ಆರ್ಗ್" ಎಂದು ಬರುತ್ತದೆ. ಕೈದಿ ಅಂತೆ!

ಹೆಲ್ಪ್‌ಡೆಸ್ಕ್‌ನವರು ಕೊರಿಯರ್ ಮಾಡಿ, ಫಾರ್ಮ್ಯಾಟ್ ಮಾಡಿ ಕಳಿಸುತ್ತೇವೆ ಎನ್ನುತ್ತಾರೆ. ಜಿಎಸ್‌ಟಿ ಸಲ್ಲಿಸುವ ಹೊತ್ತು, ಲ್ಯಾಪ್‌ಟಾಪ್ ಕೊಟ್ಟು ಕೂತರೆ ನಾಲ್ಕು ಗಿರಾಕಿಗಳ ಬೈಗುಳ ನನಗೆ. ಇದು ನಿಜವಾಗಿ ವೈರಸ್ಸಾ? ಫಾರ್ಮ್ಯಾಟ್ ಮಾಡಿದರೆ ಹೋಗುತ್ತದಾ?


ರಾಕೆಟ್ ರಾಜ

ನೂರಕ್ಕೆ ನೂರು ವೈರಸ್. ಪ್ರಿಸನರ್ ಎಂದು ಹೆಸರಿಟ್ಟುಕೊಂಡು ಯಾವ ಒಳ್ಳೆ ಸರ್ವರ್ ಇರುತ್ತದೆ ಹೇಳಿ. ಡೇಟಾ ಬ್ಯಾಕಪ್ ತಗೊಂಡು ಫಾರ್ಮ್ಯಾಟ್ ಮಾಡಿಸಿ. ಅಲ್ಲಿಯವರೆಗೆ ರೂಟರಿನಲ್ಲಿ ಆ ವಿಳಾಸ ಬ್ಲಾಕ್ ಮಾಡಿ.


ಹಳೇಸರ್ವರ್

ರಾಜಣ್ಣ, ಸ್ವಲ್ಪ ತಡಿಯಪ್ಪಾ.

ಅಡಕೆತೋಟ ಅವರೇ, ಲ್ಯಾಪ್‌ಟಾಪ್ ಕೊರಿಯರ್ ಮಾಡಬೇಡಿ. ನೀವು ಹೇಳಿದ ಮೂರರಲ್ಲಿ ಒಂದೂ ವೈರಸ್ಸಿನ ಲಕ್ಷಣ ಅಲ್ಲ. ಫಾರ್ಮ್ಯಾಟ್ ಮಾಡಿ, ಮತ್ತೆ ಡೊಮೇನ್‌ಗೆ ಸೇರಿಸಿ, ಅದೇ ಸೆಟ್ಟಿಂಗ್ ಹಾಕಿ ಕಳಿಸಿದರೆ ಮೊದಲ ದಿನದಿಂದಲೇ ಮತ್ತೆ ಇದೇ ಶುರುವಾಗುತ್ತದೆ.

ನನಗೆ ಎರಡು ವಿಷಯ ಬೇಕು. ಇವಕ್ಕೆ ಅಡ್ಮಿನ್ ಹಕ್ಕು ಬೇಕಿಲ್ಲ. ಮನೆಯಲ್ಲಿ ವಿಪಿಎನ್ ಹಾಕಿಕೊಂಡು ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಐಪಿಕಾನ್ಫಿಗ್ /ಆಲ್ ಎಂದು ಹೊಡೆದರೆ ಮೇಲ್ಗಡೆ ಪ್ರೈಮರಿ ಡಿಎನ್ಎಸ್ ಸಫಿಕ್ಸ್ ಎಂಬ ಸಾಲು ಇರುತ್ತದೆ. ಅಲ್ಲಿ ಏನಾದರೂ ಬರೆದಿದೆಯಾ ಖಾಲಿ ಇದೆಯಾ ಹೇಳಿ. ಕಂಪನಿಯ ಹೆಸರನ್ನು ಇಲ್ಲಿ ಹಾಕಬೇಡಿ, ಇದೆ ಅಥವಾ ಇಲ್ಲ ಎಂದರೆ ಸಾಕು. ಆಮೇಲೆ ಎನ್ಎಸ್‌ಲುಕ್‌ಅಪ್ ಎಂದು ಬರೆದು ನಿಮ್ಮ ಲ್ಯಾಪ್‌ಟಾಪಿನ ಪೂರ್ತಿ ಹೆಸರು ಕೊಡಿ. ಎಷ್ಟು ವಿಳಾಸ ಬರುತ್ತವೆ?


ಅಡಕೆತೋಟ

ಸರ್, ಸಫಿಕ್ಸ್ ಇದೆ, ಕಂಪನಿಯ ಡೊಮೇನ್. ಎನ್ಎಸ್‌ಲುಕ್‌ಅಪ್‌ನಲ್ಲಿ ಎರಡು ವಿಳಾಸ ಬಂತು. 10.20.5.61 ಮತ್ತು 192.168.1.34. ಮತ್ತೆ ಹೊಡೆದರೆ ಅವೇ ಎರಡು, ಸಾಲು ಹಿಂದೆ ಮುಂದೆ.


ಹಳೇಸರ್ವರ್

ಅಷ್ಟೇ. ಸಿಕ್ಕಿತು.

ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ನಿಮ್ಮ ಮ್ಯಾನೇಜರ್‌ಗೆ ನೀವು ಉತ್ತರ ಕೊಡಬೇಕು.

ವಿಂಡೋಸ್ ಮಷೀನನ್ನು ಡೊಮೇನ್‌ಗೆ ಸೇರಿಸಿದರೆ ಅದು ತನ್ನ ಹೆಸರು ಮತ್ತು ವಿಳಾಸವನ್ನು ತಾನೇ ಡಿಎನ್ಎಸ್‌ಗೆ ಬರೆಸುತ್ತದೆ. ಮುಂಚೆ ಈ ಪಟ್ಟಿಯನ್ನು ಅಡ್ಮಿನ್ ಕೈಯಲ್ಲಿ ಬರೆಯುತ್ತಿದ್ದ. ಮಷೀನೇ ಬರೆಸುವ ಈ ಪದ್ಧತಿ 1997ರ ಆರ್‌ಎಫ್‌ಸಿ 2136ರಲ್ಲಿ (ಆರ್‌ಎಫ್‌ಸಿ ಎಂದರೆ ಇಂಟರ್ನೆಟ್ಟಿನ ಪದ್ಧತಿಗಳನ್ನು ಬರೆದಿಡುವ ದಾಖಲೆ) ಬಂತು. ವಿಂಡೋಸ್ 2000ದಿಂದ ಮೈಕ್ರೋಸಾಫ್ಟ್ ಇದನ್ನು ಡಿಫಾಲ್ಟ್ ಮಾಡಿತು. ಮಷೀನ್ ಆನ್ ಆದಾಗ, ವಿಳಾಸ ಬದಲಾದಾಗ, ಏನೂ ಆಗದಿದ್ದರೂ 24 ಗಂಟೆಗೊಮ್ಮೆ ಅದು ಹೋಗಿ "ನಾನು ಇಂಥವನು, ಇಲ್ಲಿದ್ದೇನೆ" ಎಂದು ಹೇಳಿ ಬರುತ್ತದೆ. ಎಲ್ಲರೂ ಒಂದೇ ಕಟ್ಟಡದಲ್ಲಿ, ಒಂದೇ ಕೇಬಲ್ಲಿನಲ್ಲಿ ಕೂತು ಕೆಲಸ ಮಾಡುವ ಕಾಲಕ್ಕೆ ಇದು ಬಹಳ ಚೆನ್ನಾಗಿತ್ತು.

ಈಗ ನಿಮ್ಮ ಲ್ಯಾಪ್‌ಟಾಪಿಗೆ ಒಂದೇ ಹೊತ್ತಿಗೆ ಎರಡು ಬಾಗಿಲು. ವೈಫೈ ಅಡಾಪ್ಟರ್‌ಗೆ 192.168.1.34, ವಿಪಿಎನ್ ಅಡಾಪ್ಟರ್‌ಗೆ 10.20.5.61. ಎರಡರಲ್ಲೂ ನೋಂದಣಿಯ ಟಿಕ್ ಹಾಗೇ ಇದೆ. ಹಾಗಾಗಿ ವಿಪಿಎನ್ ಹತ್ತಿದ ಕೂಡಲೇ ಕಂಪನಿಯ ಡಿಎನ್ಎಸ್‌ಗೆ ಎರಡನ್ನೂ ಬರೆಸಿಬಿಡುತ್ತದೆ. ಲಾಡ್ಜಿನಲ್ಲಿ ಇಳಿದವನು ರೂಂ ನಂಬರನ್ನು ಊರಿನ ಮತದಾರರ ಪಟ್ಟಿಗೆ ಸೇರಿಸಿದ ಹಾಗೆ. 192.168 ಶುರುವಿನ ವಿಳಾಸ ಖಾಸಗಿಯದು. ನಿಮ್ಮ ಮನೆಯೊಳಗೆ ಬಿಟ್ಟರೆ ಬೆಂಗಳೂರಿನಲ್ಲಿ ಅದಕ್ಕೆ ಅರ್ಥವೇ ಇಲ್ಲ.

ಒಂದೇ ಹೆಸರಿಗೆ ಎರಡು ವಿಳಾಸ ಇದ್ದರೆ ಡಿಎನ್ಎಸ್ ಸರ್ವರ್ ಸಾಲನ್ನು ತಿರುಗಿಸುತ್ತಾ ಕೊಡುತ್ತದೆ. ನಿಮಗೆ ಹಿಂದೆ ಮುಂದೆ ಬಂದಿದ್ದು ಅದೇ. ಹೆಲ್ಪ್‌ಡೆಸ್ಕ್‌ನವರಿಗೆ ಮೊದಲು 10.20 ಸಿಕ್ಕಿದರೆ ರಿಮೋಟ್ ಹತ್ತುತ್ತದೆ, 192.168 ಸಿಕ್ಕಿದರೆ ಇಲ್ಲ.

ನನಗೆ ಆಶ್ಚರ್ಯವಾಗಿದ್ದು ಪಿಂಗ್ ಉತ್ತರ. ನಿಮ್ಮ ಮನೆಯ ಖಾಸಗಿ ವಿಳಾಸಕ್ಕೆ ಬೆಂಗಳೂರಿನಿಂದ ಪಿಂಗ್ ತಲುಪುವ ಹಾಗೇ ಇಲ್ಲ. ಅಂದರೆ ಉತ್ತರ ಕೊಡುತ್ತಿರುವುದು ನಿಮ್ಮ ಲ್ಯಾಪ್‌ಟಾಪ್ ಅಲ್ಲ. ನಿಮ್ಮ ಬೆಂಗಳೂರು ಆಫೀಸಿನಲ್ಲೇ 192.168.1.34 ವಿಳಾಸದ ಬೇರೆ ಯಾವುದೋ ಪೆಟ್ಟಿಗೆ ಇದೆ.

ಕೈದಿ ಸರ್ವರಿನ ಕಥೆ ಸಂಜೆ ಬರೆಯುತ್ತೇನೆ. ಅದು ನಿಮಗೆ ಇಷ್ಟವಾಗುತ್ತದೆ.


ರಾತ್ರಿಪಾಳಿ

ನಾನೂ ಹೆಲ್ಪ್‌ಡೆಸ್ಕ್‌ನಲ್ಲೇ ಇರುವವನು, ಬೇರೆ ಕಂಪನಿ. ನಮ್ಮವರ ಪರ ಒಂದು ಮಾತು. ಮೊದಲ ಹಂತದಲ್ಲಿ ಫೋನ್ ಎತ್ತುವ ನಮಗೆ ಡಿಎನ್ಎಸ್ ಪಟ್ಟಿ ಮುಟ್ಟುವ ಹಕ್ಕು ಇರುವುದಿಲ್ಲ. ನಮ್ಮ ಮುಂದೆ ಇರುವ ಕಾಗದದಲ್ಲಿ "ರೀಸ್ಟಾರ್ಟ್, ಕೇಶ್ ಕ್ಲಿಯರ್, ಇಲ್ಲದಿದ್ದರೆ ಮರುಸ್ಥಾಪನೆ" ಎಂದು ಬರೆದಿರುತ್ತದೆ. ಅದಕ್ಕೇ ಫಾರ್ಮ್ಯಾಟ್ ಫಾರ್ಮ್ಯಾಟ್ ಎನ್ನುವುದು.

ಒಂದು ಸುಲಭ ಪರೀಕ್ಷೆ ಇದೆ. ಅವರು ಪಿಂಗ್ ಹೊಡೆದಾಗ ಸಾಲಿನ ಕೊನೆಗೆ ಟಿಟಿಎಲ್ ಎಂದು ಒಂದು ಸಂಖ್ಯೆ ಬರುತ್ತದೆ. ಅದನ್ನು ಓದಿ ಹೇಳಲು ಹೇಳಿ. ವಿಂಡೋಸ್ ಮಷೀನ್ 128ರಿಂದ ಶುರುಮಾಡುತ್ತದೆ, ದಾರಿಯಲ್ಲಿ ಒಂದೊಂದು ರೂಟರ್ ದಾಟಿದಾಗ ಒಂದೊಂದು ಕಡಿಮೆ. ಲಿನಕ್ಸ್ ಇರುವ ಪೆಟ್ಟಿಗೆಗಳು, ಅಂದರೆ ಕ್ಯಾಮೆರಾ, ಎಷ್ಟೋ ಪ್ರಿಂಟರ್‌ಗಳು, ಸಾಮಾನ್ಯವಾಗಿ 64ರಿಂದ. ನೂರರಿಂದ 128ರ ನಡುವೆ ಬಂದರೆ ವಿಂಡೋಸ್ ಇರಬಹುದು. ಅರವತ್ತರ ಆಸುಪಾಸು ಬಂದರೆ ಅದು ನಿಮ್ಮ ಲ್ಯಾಪ್‌ಟಾಪ್ ಅಲ್ಲವೇ ಅಲ್ಲ.


ಅಡಕೆತೋಟ

ಅಯ್ಯೋ, ಸಿಕ್ಕಿತು!

ಹೆಲ್ಪ್‌ಡೆಸ್ಕ್ ಹುಡುಗನಿಗೆ ಫೋನ್ ಮಾಡಿ ಟಿಟಿಎಲ್ ಓದಪ್ಪಾ ಎಂದೆ. "63 ಮೇಡಂ" ಎಂದ. ರಾತ್ರಿಪಾಳಿ ಅವರು ಹೇಳಿದ್ದನ್ನೇ ಅವನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಆ ವಿಳಾಸವನ್ನು ಬ್ರೌಸರಿನಲ್ಲಿ ಹಾಕಿದ. ಹಾಜರಿ ಯಂತ್ರದ ಲಾಗಿನ್ ಪುಟ ತೆರೆಯಿತಂತೆ! ರಿಸೆಪ್ಷನ್ ಪಕ್ಕದ ಗೋಡೆಯಲ್ಲಿ ಬೆರಳೊತ್ತುವ ಪೆಟ್ಟಿಗೆ ಇದೆಯಲ್ಲ, ಅದು. ಅದನ್ನೂ ಕ್ಯಾಮೆರಾಗಳನ್ನೂ ಹಾಕಿದವನು ಹಳೆಯ 192.168.1 ಸಾಲಿನಲ್ಲೇ ಬಿಟ್ಟು ಹೋಗಿದ್ದಾನೆ.

ಅಂದರೆ ಇವರು ಇಷ್ಟು ದಿನ ಹಾಜರಿ ಯಂತ್ರಕ್ಕೆ ಪಿಂಗ್ ಹೊಡೆದು "ಮೇಡಂ ನಿಮ್ಮ ಮಷೀನ್ ಆನ್ ಇದೆ" ಎನ್ನುತ್ತಿದ್ದರು.


ಧಾರವಾಡ ಪೇಡೆ

ನಕ್ಕು ಸಾಕಾಯಿತು 😀 ಆದರೆ ಇದರಲ್ಲಿ ನಗು ಬರದ ಭಾಗವೂ ಇದೆ. ರಿಮೋಟ್ ಟೂಲ್ ಲ್ಯಾಪ್‌ಟಾಪ್ ಎಂದುಕೊಂಡು ಬೇರೆ ಪೆಟ್ಟಿಗೆಗೆ ಹೋದಾಗ ಅಡ್ಮಿನ್ ಲಾಗಿನ್ನಿನ ಪ್ರಯತ್ನವೂ ಅದರ ಜೊತೆ ಹೋಗಬಹುದು. ಕೆರ್ಬರೋಸ್ ಎಂಬ ಲಾಗಿನ್ ಪದ್ಧತಿಯಲ್ಲಿ ಹೆಸರು ಹೊಂದದಿದ್ದರೆ ಕೆಲಸ ನಿಲ್ಲುತ್ತದೆ. ಆದರೆ ಎಷ್ಟೋ ಕಡೆ ಅದು ಆಗದಿದ್ದರೆ ಹಳೆಯ, ಅಷ್ಟು ಭದ್ರವಲ್ಲದ ಎನ್‌ಟಿಎಲ್ಎಂ ಪದ್ಧತಿಗೆ ಇಳಿಯುವ ಸೆಟ್ಟಿಂಗ್ ಹಾಗೇ ಇರುತ್ತದೆ. ಇವತ್ತು ಹಾಜರಿ ಯಂತ್ರ, ನಾಳೆ ಆ ವಿಳಾಸದಲ್ಲಿ ಯಾರು ಕೂತಿರುತ್ತಾರೋ. ನಿಮ್ಮ ಐಟಿಯವರಿಗೆ ಈ ಸಾಲನ್ನು ತೋರಿಸಿ, ಆಗ ಕೆಲಸ ಬೇಗ ಆಗುತ್ತದೆ.

ಕಾರ್ಖಾನೆಯ ವಿಷಯ ನಾನು ಹೇಳುತ್ತೇನೆ. ನಾನೂ ಅಂಥದೇ ಒಂದು ಕಡೆ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಸೀಸನ್ ಬಂತೆಂದರೆ ಆಡಿಟರ್, ತೂಕದ ಯಂತ್ರದವರು, ಸಾಫ್ಟ್‌ವೇರ್‌ನವರು ಅಂತ ದಿನಕ್ಕೊಬ್ಬರು ಬಂದು ಕೇಬಲ್ ಕೇಳುತ್ತಾರೆ.

ನೀವು ಕೇಬಲ್ ಚುಚ್ಚಿದಾಗ ಲ್ಯಾಪ್‌ಟಾಪ್ ವಿಳಾಸ ಕೇಳುತ್ತದೆ. ಕೇಳುವಾಗ ಡಿಎಚ್‌ಸಿಪಿಯ (ಮಷೀನುಗಳಿಗೆ ವಿಳಾಸ ಹಂಚುವ ವ್ಯವಸ್ಥೆ) 12ನೇ ಆಪ್ಷನ್‌ನಲ್ಲಿ ತನ್ನ ಹೆಸರನ್ನೂ ಹೇಳುತ್ತದೆ. ವಿಂಡೋಸ್ ಆದರೆ 81ನೇ ಆಪ್ಷನ್‌ನಲ್ಲಿ ಪೂರ್ತಿ ಹೆಸರನ್ನೂ ಕಳಿಸುತ್ತದೆ. ಹೋಟೆಲ್, ವಿಮಾನ ನಿಲ್ದಾಣ, ನಿಮ್ಮ ಮಾವನ ಮನೆ, ಎಲ್ಲ ಕಡೆ ಹೇಳುವುದು ಇದನ್ನೇ. ರೂಟರಿನ ಡಿವೈಸ್ ಪಟ್ಟಿಯಲ್ಲಿ ಎಲ್ಲರ ಫೋನಿನ ಹೆಸರು ಕಾಣುವುದೂ ಹೀಗೇ. ಅದಕ್ಕೇ ಕಂಪನಿಗಳು ಲ್ಯಾಪ್‌ಟಾಪಿಗೆ ನೌಕರರ ಪೂರ್ತಿ ಹೆಸರು ಇಡುವುದು ನನಗೆ ಇಷ್ಟವಿಲ್ಲ. ನಿಮ್ಮದಕ್ಕೆ ನಂಬರ್ ಇಟ್ಟಿದ್ದಾರೆ, ಒಳ್ಳೆಯದು.

ಕಾರ್ಖಾನೆಯ ವಿಂಡೋಸ್ ಡಿಎಚ್‌ಸಿಪಿ ಸರ್ವರಿನಲ್ಲಿ "ಯಾವಾಗಲೂ ಡಿಎನ್ಎಸ್ ಅಪ್‌ಡೇಟ್ ಮಾಡು" ಎಂಬುದನ್ನು ಆರಿಸಿರಬೇಕು. ಬಂದವರು ಯಾರೇ ಇರಲಿ, ಆ ಸರ್ವರೇ ಅವರ ಹೆಸರನ್ನು ತನ್ನ ಪಟ್ಟಿಗೆ ಬರೆಯುತ್ತದೆ. ಅಂದರೆ ಬರೆದದ್ದು ನೀವಲ್ಲ, ಅವರದೇ ಸರ್ವರ್. ನೀವು ಹೋದ ಕೂಡಲೇ ಅದು ಅಳಿಯುವುದೂ ಇಲ್ಲ. ಕೊಟ್ಟ ವಿಳಾಸದ ಗಡುವು ಮುಗಿಯಬೇಕು. ವಿಂಡೋಸ್ ಡಿಎಚ್‌ಸಿಪಿಯಲ್ಲಿ ಅದು ಡಿಫಾಲ್ಟ್ ಆಗಿ 8 ದಿನ. ಸ್ಕ್ಯಾವೆಂಜಿಂಗ್ ಎಂಬ ಕಸ ಗುಡಿಸುವ ಕೆಲಸ ಸರ್ವರಿನಲ್ಲಿ ಮೊದಲಿಗೆ ಆಫ್ ಇರುತ್ತದೆ. ಅದನ್ನು ಯಾರೂ ಆನ್ ಮಾಡದಿದ್ದರೆ ಹಳೆ ಹೆಸರುಗಳು ವರ್ಷಗಟ್ಟಲೆ ಬಿದ್ದಿರುತ್ತವೆ.

ಇನ್ನೊಂದು ಸಾಧ್ಯತೆಯೂ ಇದೆ. ಅವರ ಝೋನ್‌ನಲ್ಲಿ (ಅವರ ಡೊಮೇನಿನ ಡಿಎನ್ಎಸ್ ಪಟ್ಟಿ) ಭದ್ರತೆ ಇಲ್ಲದ ಅಪ್‌ಡೇಟ್‌ಗೂ ಅವಕಾಶ ಬಿಟ್ಟಿರಬಹುದು. ಹಾಗಿದ್ದರೆ ಅವರ ಡೊಮೇನ್‌ಗೆ ಸೇರದವರೂ ಬರೆಯಬಹುದು. ಇದು ಗಂಭೀರ. ವಿಂಡೋಸ್ ಸರ್ವರ್ 2008ರಿಂದ ಮೈಕ್ರೋಸಾಫ್ಟ್ ಡಿಎನ್ಎಸ್‌ನಲ್ಲಿ ಒಂದು ತಡೆಪಟ್ಟಿ ಬಂದಿದ್ದೇ ಇದಕ್ಕೆ. ಯಾರಾದರೂ ತನ್ನ ಲ್ಯಾಪ್‌ಟಾಪಿಗೆ ಡಬ್ಲ್ಯೂಪಿಎಡಿ ಎಂದು ಹೆಸರಿಟ್ಟು ಬಂದು ಚುಚ್ಚಿದರೆ, ಪ್ರಾಕ್ಸಿ ತಾನಾಗಿ ಹುಡುಕುವ ಬ್ರೌಸರುಗಳೆಲ್ಲ ಅವನ ಹತ್ತಿರ ಹೋಗಿ ಕೇಳುತ್ತವೆ. ಅದಕ್ಕೇ ಆ ಹೆಸರಿಗೆ ಸರ್ವರ್ ಉತ್ತರ ಕೊಡುವುದಿಲ್ಲ.

ಅವರಿಗೆ ಖಾರವಾಗಿ ಬರೆಯಲು ಹೋಗಬೇಡಿ. ಗಿರಾಕಿ ಅಲ್ವಾ. "ಹೊರಗಿನವರಿಗೆ ಬೇರೆ ವಿಎಲ್ಎಎನ್ (ಪ್ರತ್ಯೇಕ ನೆಟ್‌ವರ್ಕ್) ಮಾಡಿ, ಆ ಸ್ಕೋಪಿನಲ್ಲಿ (ಅಲ್ಲಿ ಹಂಚುವ ವಿಳಾಸಗಳ ಗುಂಪಿನಲ್ಲಿ) ಡಿಎನ್ಎಸ್ ಅಪ್‌ಡೇಟ್ ಆಫ್ ಮಾಡಿದರೆ ಮುಂದೆ ಹೀಗಾಗುವುದಿಲ್ಲ" ಎಂದು ಎರಡು ಸಾಲು ಸಾಕು. ಸ್ಕೋಪಿನ ಪ್ರಾಪರ್ಟೀಸ್ ತೆರೆದು ಡಿಎನ್ಎಸ್ ಟ್ಯಾಬ್ ನೋಡಿದರೆ ಅವರಿಗೇ ತಿಳಿಯುತ್ತದೆ.


ಹಳೇಸರ್ವರ್

ಪೇಡೆಯವರು ಕಾರ್ಖಾನೆ ಮುಗಿಸಿದ್ದಾರೆ, ನಾನು ಕೈದಿಗೆ ಬರುತ್ತೇನೆ.

ಡಿಎನ್ಎಸ್‌ನಲ್ಲಿ ಹೆಸರಿನಿಂದ ವಿಳಾಸ ಹುಡುಕುವ ಪಟ್ಟಿ ಒಂದು, ವಿಳಾಸದಿಂದ ಹೆಸರು ಹುಡುಕುವ ಉಲ್ಟಾ ಪಟ್ಟಿ ಇನ್ನೊಂದು. ವಿಂಡೋಸ್ ಎರಡಕ್ಕೂ ಬರೆಸಲು ನೋಡುತ್ತದೆ. ಆಫೀಸಿನಲ್ಲಿ ಉಲ್ಟಾ ಪಟ್ಟಿಯನ್ನು ಸಾಮಾನ್ಯವಾಗಿ ಡಿಎಚ್‌ಸಿಪಿ ಸರ್ವರ್ ನೋಡಿಕೊಳ್ಳುತ್ತದೆ. ಮನೆಯ ರೂಟರ್ ಅಂಥದ್ದೇನೂ ಮಾಡುವುದಿಲ್ಲ. ಆಗ ಲ್ಯಾಪ್‌ಟಾಪ್ ತಾನೇ ಹೊರಡುತ್ತದೆ. 192.168.1.34ರ ಉಲ್ಟಾ ಪಟ್ಟಿ ಯಾರ ಕೈಯಲ್ಲಿದೆ ಎಂದು ಡಿಎನ್ಎಸ್ ಅನ್ನು ಕೇಳುತ್ತದೆ.

ಈ ವಿಳಾಸಗಳು ಯಾರವೂ ಅಲ್ಲ. 10, 172.16 ಮತ್ತು 192.168ರ ಸಾಲುಗಳನ್ನು 1996ರ ಆರ್‌ಎಫ್‌ಸಿ 1918 ಎಲ್ಲರ ಒಳಬಳಕೆಗೆ ಬಿಟ್ಟುಕೊಟ್ಟಿತು. ನಮ್ಮ ಮನೆ, ನಿಮ್ಮ ಮನೆ, ಪಕ್ಕದ ಬೇಕರಿ, ಎಲ್ಲ ಕಡೆ 192.168.1.34 ಇರಬಹುದು. ಆದ್ದರಿಂದ ಇದರ ಪ್ರಶ್ನೆ ಮನೆಯಿಂದ ಆಚೆ ಹೋಗಲೇಬಾರದು. ಆದರೆ ಲೋಕದ ತುಂಬ ಸರಿಯಾಗಿ ಹೊಂದಿಸದ ಮಷೀನುಗಳಿಂದ ಸೋರಿ ಹೋಗುತ್ತಲೇ ಇರುತ್ತವೆ. ಈ ಕಸವೆಲ್ಲ ಡಿಎನ್ಎಸ್‌ನ ಮೇಲಿನ ಸರ್ವರುಗಳ ತಲೆ ಮೇಲೆ ಬೀಳಬಾರದು ಎಂದು ಒಂದು ಬೇರೆ ವ್ಯವಸ್ಥೆ ಮಾಡಿದರು. ಅದರ ಹೆಸರು ಎಎಸ್112. ಜಗತ್ತಿನ ಬೇರೆ ಬೇರೆ ಕಡೆ ಸ್ವಯಂಸೇವಕರು ಆ ಸರ್ವರುಗಳನ್ನು ನಡೆಸುತ್ತಾರೆ, ಎಲ್ಲದಕ್ಕೂ ಒಂದೇ ವಿಳಾಸ, ನಿಮಗೆ ಹತ್ತಿರದ್ದು ಉತ್ತರ ಕೊಡುತ್ತದೆ. ಪ್ರಶ್ನೆ ಕೇಳಿದವರಿಗೆ "ಅಂಥದ್ದಿಲ್ಲ" ಎಂದು ಹೇಳುವ ಎರಡು ಹೆಸರು ಬ್ಲ್ಯಾಕ್‌ಹೋಲ್-1, ಬ್ಲ್ಯಾಕ್‌ಹೋಲ್-2. ಬರೆಸಲು ಬಂದವರನ್ನು ಕಳಿಸುವ ಹೆಸರು ಪ್ರಿಸನರ್. ನಿಮ್ಮ ಲ್ಯಾಪ್‌ಟಾಪ್ ಬರೆಸಲು ಹೋಗುತ್ತದೆ, ಅಲ್ಲಿ ಆಗಲ್ಲ ಎನ್ನುತ್ತಾರೆ, ವಾಪಸ್ ಬರುತ್ತದೆ. ಅಷ್ಟೇ ನಡೆಯುತ್ತಿರುವುದು.

ಈ ಹೆಸರು ನೋಡಿ ಹೆದರಿದವರಲ್ಲಿ ನೀವು ಮೊದಲಿಗರಲ್ಲ. ಫೈರ್‌ವಾಲ್ ಲಾಗಿನಲ್ಲಿ ಇದನ್ನು ಕಂಡವರು ನಮ್ಮ ಮೇಲೆ ದಾಳಿ ಆಗುತ್ತಿದೆ ಎಂದು ಎಷ್ಟು ದೂರು ಕೊಟ್ಟರೆಂದರೆ, ಅವರಿಗೆ ಸಮಾಧಾನ ಹೇಳಲಿಕ್ಕೇ 2011ರಲ್ಲಿ ಆರ್‌ಎಫ್‌ಸಿ 6305 ಬರೆದರು. ಅದರ ತಲೆಬರಹವೇ "ಪ್ರಿಸನರ್ ಡಾಟ್ ಐಯಾನಾ ಡಾಟ್ ಆರ್ಗ್ ನನ್ನ ಮೇಲೆ ದಾಳಿ ಮಾಡುತ್ತಿದೆ!" ಎಂದು. ಆಶ್ಚರ್ಯಸೂಚಕ ಚಿಹ್ನೆ ಸಮೇತ. ಅಂಥ ಗಂಭೀರ ದಾಖಲೆಗಳ ಸಾಲಿನಲ್ಲಿ ಇಂಥದ್ದೊಂದು ತಲೆಬರಹ ನೋಡಿದರೆ ನನಗೆ ಈಗಲೂ ಖುಷಿ.

ರಾಜಣ್ಣ ಹೇಳಿದ ಹಾಗೆ ರೂಟರಿನಲ್ಲಿ ಬ್ಲಾಕ್ ಮಾಡಿದರೆ ಹಾಳಾಗುವುದೇನಿಲ್ಲ, ಆದರೆ ಲ್ಯಾಪ್‌ಟಾಪ್ ಕೇಳುವುದನ್ನು ಬಿಡುವುದಿಲ್ಲ. ಕೇಳದ ಹಾಗೆ ಮಾಡುವುದು ಕಂಪನಿಯ ಪಾಲಿಸಿಯಲ್ಲಿದೆ.


ರಾಕೆಟ್ ರಾಜ

ಸರಿ ಸರ್, ಒಪ್ಪಿದೆ. ಹಾಗಾದರೆ ಅಕ್ಕ ಸುಮ್ನೆ ಆ ಟಿಕ್ ತೆಗೆದುಬಿಟ್ಟರೆ ಆಯಿತಲ್ಲ. ವೈಫೈ ಪ್ರಾಪರ್ಟೀಸ್, ಐಪಿವಿ4, ಅಡ್ವಾನ್ಸ್ಡ್, ಡಿಎನ್ಎಸ್ ಟ್ಯಾಬ್. ಕೆಳಗಡೆ "ರಿಜಿಸ್ಟರ್ ದಿಸ್ ಕನೆಕ್ಷನ್ಸ್ ಅಡ್ರೆಸಸ್ ಇನ್ ಡಿಎನ್ಎಸ್" ಇದೆ.


ಹಳೇಸರ್ವರ್

ಜಾಗ ಸರಿಯಾಗಿ ಹೇಳಿದೆ. ಆದರೆ ಅದಕ್ಕೆ ಅಡ್ಮಿನ್ ಹಕ್ಕು ಬೇಕು, ಅದು ಅವರಿಗಿಲ್ಲ. ಇದ್ದರೂ ಆಫೀಸಿನ ಲ್ಯಾಪ್‌ಟಾಪನ್ನು ನಾವಾಗಿ ಮುಟ್ಟುವುದು ಬೇಡ, ನಾಳೆ ಬೇರೇನಾದರೂ ಕೆಟ್ಟರೆ ಅದೂ ಇವರ ತಲೆಗೇ. ಇನ್ನೊಂದು ಮುಖ್ಯ ಮಾತು: ಆ ಟಿಕ್ ಅಡಾಪ್ಟರ್‌ಗೆ ಸೇರಿದ್ದು, ಜಾಗಕ್ಕಲ್ಲ. ಮನೆಗೂ ವೈಫೈ ಅದೇ, ಬೆಂಗಳೂರು ಆಫೀಸಿಗೂ ಅದೇ. ತೆಗೆದರೆ ಇವರು ಆಫೀಸಿಗೆ ಹೋದಾಗಲೂ ನೋಂದಣಿ ಆಗುವುದಿಲ್ಲ. ಅದಕ್ಕೆ ಆಫೀಸ್ ಕಡೆಯಿಂದ ಬೇರೆ ಏರ್ಪಾಡು ಬೇಕು. ಹಾಗಾಗಿ ಇದು ಅವರ ಐಟಿಯವರ ಕೆಲಸ.

ಮೇಡಂ, ಟಿಕೆಟ್‌ನಲ್ಲಿ "ಲ್ಯಾಪ್‌ಟಾಪ್ ತಾನೇ ರಿಜಿಸ್ಟರ್ ಆಗುತ್ತಿದೆ" ಎಂದು ಬರೆದರೆ ಮತ್ತೆ ಫಾರ್ಮ್ಯಾಟ್ ಎನ್ನುತ್ತಾರೆ. ಹೀಗೆ ಬರೆಯಿರಿ:

"ನನ್ನ ಲ್ಯಾಪ್‌ಟಾಪಿನ ಹೆಸರಿಗೆ ಕಂಪನಿಯ ಡಿಎನ್ಎಸ್‌ನಲ್ಲಿ ಎರಡು ಎ ರೆಕಾರ್ಡ್ ಇವೆ. 10.20.5.61 ವಿಪಿಎನ್‌ನದು, ಸರಿಯಾದದ್ದು. 192.168.1.34 ನನ್ನ ಮನೆಯ ವೈಫೈ ವಿಳಾಸ. ಬೆಂಗಳೂರು ಆಫೀಸಿನಲ್ಲಿ ಇದೇ ವಿಳಾಸದಲ್ಲಿ ಹಾಜರಿ ಯಂತ್ರವಿದೆ, ರಿಮೋಟ್ ಟೂಲ್ ಅಲ್ಲಿಗೆ ಹೋಗುತ್ತಿದೆ. ದಯವಿಟ್ಟು ಎರಡನೆಯ ರೆಕಾರ್ಡ್ ಅಳಿಸಿ. ವೈಫೈ ಮತ್ತು ಕೇಬಲ್ ಅಡಾಪ್ಟರಿನ ಡಿಎನ್ಎಸ್ ನೋಂದಣಿ ಆಫ್ ಮಾಡಿ. ವಿಪಿಎನ್ ಅಡಾಪ್ಟರಿನದು ಮಾತ್ರ ಇರಲಿ. ಮನೆಯಿಂದ ಕೆಲಸ ಮಾಡುವ ಉಳಿದವರ ರೆಕಾರ್ಡನ್ನೂ ನೋಡಿ."

ಇದನ್ನು ಎರಡನೇ ಹಂತದವರಿಗೆ, ಸರ್ವರ್ ತಂಡಕ್ಕೆ ಕಳಿಸಲು ಹೇಳಿ. ಕೊನೆಯ ಸಾಲು ಬಿಡಬೇಡಿ. ಒಬ್ಬರದ್ದು ಎಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ, ಎಲ್ಲರದ್ದೂ ಎಂದರೆ ಯಾರಾದರೂ ಒಬ್ಬ ಪಟ್ಟಿ ತೆಗೆದು ನೋಡುತ್ತಾನೆ.

ಅವರ ಐಟಿಯವರು ಯಾರಾದರೂ ಇದನ್ನು ಓದುತ್ತಿದ್ದರೆ: ಗ್ರೂಪ್ ಪಾಲಿಸಿಯ ಡಿಎನ್ಎಸ್ ಕ್ಲೈಂಟ್ ಭಾಗದಲ್ಲಿ "ಡೈನಾಮಿಕ್ ಅಪ್‌ಡೇಟ್" ಎಂಬುದನ್ನು ಪೂರ್ತಿ ಆಫ್ ಮಾಡಬೇಡಿ. ಮಾಡಿದರೆ ವಿಪಿಎನ್ ವಿಳಾಸವೂ ಬರೆಯುವುದು ನಿಲ್ಲುತ್ತದೆ, ರಿಮೋಟ್ ಪೂರ್ತಿ ಹೋಗುತ್ತದೆ. ಅಡಾಪ್ಟರ್ ಮಟ್ಟದಲ್ಲಿ ಪವರ್‌ಶೆಲ್ ಸ್ಕ್ರಿಪ್ಟ್‌ನಿಂದ ಮಾಡಿ, ಸೆಟ್-ಡಿಎನ್ಎಸ್‌ಕ್ಲೈಂಟ್ ಎಂಬ ಕಮಾಂಡ್ ಇದಕ್ಕೇ ಇದೆ. ಅದೇ ಪಾಲಿಸಿ ಪಟ್ಟಿಯಲ್ಲಿ "ರಿಜಿಸ್ಟರ್ ಪಿಟಿಆರ್ ರೆಕಾರ್ಡ್ಸ್" (ಉಲ್ಟಾ ಪಟ್ಟಿಗೆ ಬರೆಸುವುದು) ಎಂಬುದನ್ನು ಡಿಸೇಬಲ್ ಮಾಡಿದರೆ ಕೈದಿಯ ಕಡೆ ಹೋಗುವುದು ನಿಲ್ಲುತ್ತದೆ. ವಿಂಡೋಸ್‌ನದೇ ಆಲ್ವೇಸ್ ಆನ್ ವಿಪಿಎನ್ ಇದ್ದರೆ ಅದರ ಪ್ರೊಫೈಲಿನಲ್ಲಿ ರಿಜಿಸ್ಟರ್‌ಡಿಎನ್ಎಸ್ ಆನ್ ಇರಲಿ.


ಧಾರವಾಡ ಪೇಡೆ

ಆಫೀಸಿನ ವೈಫೈಗೆ ಹಳೇಸರ್ವರ್ ಹೇಳಿದ "ಬೇರೆ ಏರ್ಪಾಡು" ಎಂದರೆ ಡಿಎಚ್‌ಸಿಪಿ ಸರ್ವರೇ ಬರೆಯುವುದು. ಇಲ್ಲಿ ಒಂದು ಗುಂಡಿ ಇದೆ, ಎಲ್ಲರೂ ಬೀಳುತ್ತಾರೆ. ಭದ್ರತೆ ಇರುವ ಝೋನ್‌ನಲ್ಲಿ ಯಾರು ಮೊದಲು ಬರೆದರೋ ಆ ರೆಕಾರ್ಡ್ ಅವರದ್ದು. ಈಗಿರುವ ರೆಕಾರ್ಡನ್ನು ಬರೆದದ್ದು ಲ್ಯಾಪ್‌ಟಾಪಿನ ಅಕೌಂಟ್. ನಾಳೆ ಡಿಎಚ್‌ಸಿಪಿ ಸರ್ವರ್ ತಿದ್ದಲು ಹೋದರೆ ಹಕ್ಕಿಲ್ಲ ಎಂದು ತಳ್ಳಿಬಿಡುತ್ತದೆ, ಯಾಕೆಂದು ಯಾರಿಗೂ ತಿಳಿಯುವುದಿಲ್ಲ. ಆದ್ದರಿಂದ ಮೊದಲು ಹಳೆ ರೆಕಾರ್ಡ್‌ಗಳನ್ನು ಅಳಿಸಿ, ಆಮೇಲೆ ಸೆಟ್ಟಿಂಗ್ ಬದಲಾಯಿಸಿ. ಡಿಎನ್ಎಸ್‌ಗೆ ಬರೆಯಲಿಕ್ಕೆ ಡಿಎಚ್‌ಸಿಪಿಗೆ ಒಂದು ಬೇರೆ ಅಕೌಂಟ್ ಕೊಡಿ. ಸ್ಕ್ಯಾವೆಂಜಿಂಗ್ ಕೂಡ ಆನ್ ಮಾಡಿ. ಡಿಫಾಲ್ಟ್‌ನಲ್ಲಿ ಏಳು ದಿನ ಮುಟ್ಟುವುದಿಲ್ಲ, ಇನ್ನೇಳು ದಿನ ಕಾಯುತ್ತದೆ. ಮನೆಯಿಂದ ಕೆಲಸ ಮಾಡುವವರು ಜಾಸ್ತಿ ಇರುವ ಕಡೆ ಇದನ್ನು ಇಳಿಸುವುದು ಒಳ್ಳೆಯದು.


ಅಡಕೆತೋಟ

ಎಲ್ಲರಿಗೂ ಧನ್ಯವಾದ. ಆದ ಕಥೆ ಹೇಳುತ್ತೇನೆ.

ಹಳೇಸರ್ವರ್ ಸರ್ ಬರೆದುಕೊಟ್ಟದ್ದನ್ನು ಹಾಗೇ ಟಿಕೆಟ್‌ಗೆ ಹಾಕಿದೆ. ಹಾಜರಿ ಯಂತ್ರಕ್ಕೆ ಅಡ್ಮಿನ್ ಲಾಗಿನ್ ಹೋಗಿರಬಹುದು ಎಂಬ ಪೇಡೆಯವರ ಸಾಲನ್ನೂ ಸೇರಿಸಿದೆ. ಅರ್ಧ ಗಂಟೆಯಲ್ಲಿ ಸರ್ವರ್ ತಂಡದಿಂದ ಫೋನ್ ಬಂತು! ಅವರು ಪಟ್ಟಿ ತೆಗೆದು ನೋಡಿದರೆ ಮನೆಯಿಂದ ಕೆಲಸ ಮಾಡುವ ಬಹಳ ಜನರದ್ದು ಹೀಗೇ ಇದೆ. ಇಬ್ಬರ ಹೆಸರಿಗೆ ಒಂದೇ 192.168.1.5 ಕೂತಿತ್ತಂತೆ, ಒಬ್ಬರು ಉಡುಪಿ, ಇನ್ನೊಬ್ಬರು ತುಮಕೂರು. ಫಾರ್ಮ್ಯಾಟ್ ಮಾತು ಯಾರೂ ಎತ್ತಲಿಲ್ಲ.

ಈಗ ನನ್ನ ಹೆಸರಿಗೆ 10.20 ಒಂದೇ ಬರುತ್ತಿದೆ. ರೂಟರ್ ಲಾಗಿನಲ್ಲಿ ಕೈದಿಯೂ ಇಲ್ಲ. ಕಾರ್ಖಾನೆಯವರಿಗೆ ಎರಡು ಸಾಲು ಬರೆದೆ, ಅವರು "ನೋಡುತ್ತೇವೆ" ಎಂದು ಉತ್ತರಿಸಿದರು. ಮ್ಯಾನೇಜರ್‌ಗೆ ಪ್ರತಿ ಕಳಿಸಿದ್ದು ಈ ಸಲ ನಾನು.

ಒಂದು ಅನುಮಾನ ಉಳಿದಿದೆ. ಎನ್ಎಸ್‌ಲುಕ್‌ಅಪ್‌ನಲ್ಲಿ 10.20ರ ಜೊತೆ ಒಂದು ಉದ್ದನೆಯ ವಿಳಾಸವೂ ಬರುತ್ತಿದೆ, 2 ರಿಂದ ಶುರು, ಮಧ್ಯೆ ಮಧ್ಯೆ ಕೋಲನ್. ಮೊದಲು ಇದು ಇರಲಿಲ್ಲ. ರೂಟರ್ ಅಪ್‌ಡೇಟ್ ಆದಮೇಲೆ ಬಂದ ಹಾಗಿದೆ.


ಹಳೇಸರ್ವರ್

ಅದು ಐಪಿವಿ6. ನಿಮ್ಮ ಫೈಬರ್‌ನವರು ಕೊಟ್ಟಿದ್ದು, ರೂಟರ್ ಈಗ ಅದನ್ನು ಒಳಗೆ ಹಂಚಲು ಶುರುಮಾಡಿದೆ. ಎ ರೆಕಾರ್ಡ್ ಇದ್ದ ಹಾಗೆ ಇದಕ್ಕೆ ಎಎಎಎ ರೆಕಾರ್ಡ್. 192.168ರ ಹಾಗೆ ಇದು ಖಾಸಗಿ ಅಲ್ಲ, ಲೋಕಕ್ಕೆಲ್ಲ ಒಂದೇ. ಆಫೀಸಿನ ಡಿಎನ್ಎಸ್‌ನಲ್ಲಿ ಇದು ಇದ್ದರೆ, ಅಲ್ಲೂ ಐಪಿವಿ6 ಇರುವ ದಿನ ಹೆಲ್ಪ್‌ಡೆಸ್ಕ್ ವಿಪಿಎನ್ ಬಿಟ್ಟು ನೇರ ನಿಮ್ಮ ಮನೆ ಬಾಗಿಲಿಗೆ ಬರಲು ನೋಡುತ್ತದೆ.

ನೋಂದಣಿ ಆಫ್ ಮಾಡಿದ್ದರೆ ಐಪಿವಿ6ಕ್ಕೂ ಅದು ಸೇರಬೇಕು. ಇದು ಬಂದಿದೆ ಎಂದರೆ ಎರಡರಲ್ಲಿ ಒಂದು. ಸ್ಕ್ರಿಪ್ಟ್ ಓಡುವ ಮುಂಚೆಯೇ ಬರೆದು ಉಳಿದ ರೆಕಾರ್ಡ್ ಇರಬಹುದು. ಇಲ್ಲದಿದ್ದರೆ ನೀವು ಡಾಕ್‌ನಲ್ಲಿ (ಲ್ಯಾಪ್‌ಟಾಪಿಗೆ ಕೇಬಲ್, ಮಾನಿಟರ್ ಜೋಡಿಸುವ ಪೆಟ್ಟಿಗೆ) ಕೇಬಲ್ ಹಾಕಿದ್ದೀರಿ, ಡಾಕ್‌ನದು ಬೇರೆ ಅಡಾಪ್ಟರ್, ಸ್ಕ್ರಿಪ್ಟ್‌ಗೆ ಅದು ಸಿಕ್ಕಿಲ್ಲ. ಡಾಕ್ ಇದೆಯಾ?


ಅಡಕೆತೋಟ

ಇದೆ ಸರ್, ಹೋದ ವಾರ ಬಂತು. ಟಿಕೆಟ್ ಮತ್ತೆ ತೆರೆಯುತ್ತೇನೆ.